ಜರ್ಮನಿಯ ರಜೆ ಲೆಕ್ಕ: ಫೈಯರ್‌ಟಾಗ್, ಫೇರಿಯನ್, ಉರ್ಲೌಬ್

2027ರ ಕ್ಯಾಲೆಂಡರು ಜರ್ಮನಿಯಲ್ಲಿ ನೌಕರಿ ಮಾಡುವವರ ಪಾಲಿಗೆ ಜಿಪುಣ. ಮೇ 1 ಶನಿವಾರ ಬಿದ್ದಿದೆ. ಅಕ್ಟೋಬರ್ 3ರ ಏಕೀಕರಣ ದಿನ ಭಾನುವಾರ. ಕ್ರಿಸ್‌ಮಸ್ಸಿನ ಎರಡು ದಿನ, ಡಿಸೆಂಬರ್ 25 ಮತ್ತು 26, ಶನಿವಾರ-ಭಾನುವಾರ. ವಾರಾಂತ್ಯಕ್ಕೆ ಬಿದ್ದ ಹಬ್ಬಕ್ಕೆ ಸೋಮವಾರ ಬದಲಿ ರಜೆ ಕೊಡುವ ಪದ್ಧತಿ ಬ್ರಿಟನ್ನಿನಲ್ಲಿದೆ, ಜರ್ಮನಿಯಲ್ಲಿಲ್ಲ. ಹೋದದ್ದು ಹೋಯಿತು. ದೇಶಕ್ಕೆಲ್ಲ ಸಾಮಾನ್ಯವಾದ ಒಂಬತ್ತು ಸರ್ಕಾರಿ ರಜೆಗಳಲ್ಲಿ ನಾಲ್ಕು ಹೀಗೆ ಕೈತಪ್ಪಿದವು. ಅಷ್ಟಾದರೂ ಅದೇ ವರ್ಷ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಮಾಡುವವರಿಗೆ ಸೋಮವಾರದಿಂದ ಶುಕ್ರವಾರದೊಳಗೆ ಎಂಟು ರಜೆ ಸಿಗುತ್ತವೆ, ಹ್ಯಾಂಬರ್ಗ್‌ನವರಿಗೆ ಐದೇ.

ಬೆಂಗಳೂರಿನ ತಂಡದವರು "ನಿಮ್ಮ ಜರ್ಮನಿ ಹಾಲಿಡೇ ಲಿಸ್ಟ್ ಒಂದು ಕಳಿಸಿಬಿಡಿ" ಎಂದು ಕೇಳಿದಾಗ ಇಲ್ಲಿರುವವರು ತಡವರಿಸುವುದು ಇದಕ್ಕೇ. ಹಾಗೊಂದು ಪಟ್ಟಿಯೇ ಇಲ್ಲ. ಯಾವ ರಾಜ್ಯದ್ದು, ಯಾರಿಗೆ ಅನ್ವಯಿಸುವುದು ಎಂದು ಮೊದಲು ಕೇಳಬೇಕು. ಆಮೇಲೆ ಪಟ್ಟಿ.

ಜರ್ಮನರು ರಜೆಯನ್ನು ಮೂರು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇಡುತ್ತಾರೆ. ಕಾನೂನು ಪ್ರಕಾರ ಊರಿಗೆಲ್ಲ ಕೆಲಸ ನಿಲ್ಲುವ ದಿನ ಫೈಯರ್‌ಟಾಗ್. ನೌಕರ ತನ್ನ ಖಾತೆಯಿಂದ ಖರ್ಚು ಮಾಡುವ ದಿನಗಳು ಉರ್ಲೌಬ್. ನಮ್ಮ ಗಳಿಕೆ ರಜೆಗೆ ಹತ್ತಿರದ್ದು. ಶಾಲೆ ಮುಚ್ಚಿರುವ ವಾರಗಳು ಫೇರಿಯನ್. ಶಾಲೆಗೆ ಫೇರಿಯನ್ ಬಂದರೆ ಅಪ್ಪ-ಅಮ್ಮನಿಗೆ ರಜೆ ಬಂದಂತಲ್ಲ, ಅವರು ಉರ್ಲೌಬ್ ಹಾಕಬೇಕು. ಆಫೀಸಿನ ಮೇಲ್‌ನಲ್ಲಿ ಒಬ್ಬರು "ಉರ್ಲೌಬ್‌ನಲ್ಲಿದ್ದೇನೆ" ಎಂದರೆ ಅವರೊಬ್ಬರೇ ಇಲ್ಲ, ಉಳಿದವರು ಸಿಗುತ್ತಾರೆ. "ಫೈಯರ್‌ಟಾಗ್" ಎಂದಿದ್ದರೆ ಆ ರಾಜ್ಯದ ಯಾರಿಗೂ ಫೋನ್ ಮಾಡಿ ಪ್ರಯೋಜನವಿಲ್ಲ.

ರಾಜ್ಯದ ಗಡಿಯಲ್ಲಿ ರಜೆಯೂ ಬದಲು

ದೇಶಕ್ಕೆಲ್ಲ ಒಂದೇ ಆದ ಒಂಬತ್ತು ದಿನಗಳು ಇವು: ಹೊಸ ವರ್ಷದ ಮೊದಲ ದಿನ, ಗುಡ್ ಫ್ರೈಡೇ, ಈಸ್ಟರ್ ಸೋಮವಾರ, ಮೇ 1, ಯೇಸುವಿನ ಸ್ವರ್ಗಾರೋಹಣದ ಗುರುವಾರ, ಫಿಂಗ್‌ಸ್ಟನ್ (ಪೆಂಟೆಕೋಸ್ಟ್ ಹಬ್ಬ) ಸೋಮವಾರ, ಅಕ್ಟೋಬರ್ 3, ಡಿಸೆಂಬರ್ 25 ಮತ್ತು 26. ಇವುಗಳಲ್ಲಿ ಕೇಂದ್ರದ ಮಟ್ಟದಲ್ಲೇ ಗೊತ್ತಾದದ್ದು ಅಕ್ಟೋಬರ್ 3 ಒಂದೇ. 1990ರಲ್ಲಿ ಪೂರ್ವ-ಪಶ್ಚಿಮ ಜರ್ಮನಿಗಳು ಒಂದಾದ ಒಪ್ಪಂದದಲ್ಲೇ ಅದನ್ನು ಬರೆದಿಟ್ಟರು. ಮಿಕ್ಕ ಎಂಟು, ಹದಿನಾರು ರಾಜ್ಯಗಳೂ ತಮ್ಮ ತಮ್ಮ ಕಾನೂನಿನಲ್ಲಿ ಸೇರಿಸಿಕೊಂಡಿರುವುದರಿಂದ ರಾಷ್ಟ್ರೀಯ ರಜೆಯಂತೆ ಕಾಣುತ್ತವೆ, ಅಷ್ಟೇ.

ಇದರ ಮೇಲೆ ಪ್ರತಿ ರಾಜ್ಯವೂ ತನ್ನದನ್ನು ಸೇರಿಸುತ್ತದೆ. ಸೇರಿಸುವುದರ ಹಿಂದೆ ಹೆಚ್ಚಾಗಿ ಚರ್ಚಿನ ಚರಿತ್ರೆಯಿದೆ. ಕ್ಯಾಥೊಲಿಕರು ಹೆಚ್ಚಿದ್ದ ದಕ್ಷಿಣ ಮತ್ತು ಪಶ್ಚಿಮದಲ್ಲಿ ನವೆಂಬರ್ 1ರ ಆಲ್ಲರ್‌ಹೈಲಿಗನ್, ಅಂದರೆ ಸಕಲ ಸಂತರ ದಿನ. ಬವೇರಿಯಾ, ಬಾಡೆನ್-ವ್ಯುರ್ಟೆಂಬೆರ್ಗ್, ನಾರ್ತ್ ರೈನ್-ವೆಸ್ಟ್‌ಫಾಲಿಯಾ, ರೈನ್‌ಲಾಂಡ್-ಫಾಲ್ಟ್ಸ್, ಸಾರ್‌ಲಾಂಡ್ ಈ ಐದು ರಾಜ್ಯಗಳಲ್ಲಿ. ಮಾರ್ಟಿನ್ ಲೂಥರನ ಸೀಮೆಯಾದ ಪೂರ್ವದಲ್ಲಿ ಅದರ ಹಿಂದಿನ ದಿನ, ಅಕ್ಟೋಬರ್ 31ರ ರೆಫೊರ್ಮತ್ಸಿಯೋನ್ಸ್‌ಟಾಗ್, ಅಂದರೆ ಆತನ ಚರ್ಚ್ ಸುಧಾರಣೆಯ ದಿನ. ಉತ್ತರದ ಹ್ಯಾಂಬರ್ಗ್, ಬ್ರೆಮೆನ್, ನೀಡರ್‌ಸಾಕ್ಸನ್, ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯಗಳಿಗೆ ತಮ್ಮ ಪಟ್ಟಿ ಬಡವಾಯಿತೆಂಬ ಕೊರಗಿತ್ತು. 2017ರಲ್ಲಿ ಲೂಥರನ ಸುಧಾರಣೆಗೆ 500 ವರ್ಷ ತುಂಬಿತೆಂದು ಆ ಒಂದು ಸಲಕ್ಕೆ ಇಡೀ ದೇಶಕ್ಕೆ ರಜೆ ಕೊಟ್ಟರು. ರುಚಿ ಹತ್ತಿತೋ ಏನೋ, 2018ರಿಂದ ಈ ನಾಲ್ಕೂ ರಾಜ್ಯಗಳು ಅದನ್ನು ಕಾಯಂ ಮಾಡಿಕೊಂಡವು. ಬರ್ಲಿನ್ ಯಾವ ಚರ್ಚಿನ ಕಡೆಗೂ ಹೋಗದೆ 2019ರಲ್ಲಿ ಮಾರ್ಚ್ 8ರ ಮಹಿಳಾ ದಿನವನ್ನು ರಜೆ ಮಾಡಿತು, 2023ರಲ್ಲಿ ಮೆಕ್ಲೆನ್‌ಬರ್ಗ್-ಫೋರ್‌ಪೊಮ್ಮರ್ನ್ ಹಿಂಬಾಲಿಸಿತು. ಥ್ಯೂರಿಂಗನ್‌ನಲ್ಲಿ ಸೆಪ್ಟೆಂಬರ್ 20ರ ಮಕ್ಕಳ ದಿನ ರಜೆ.

ಎಲ್ಲಕ್ಕಿಂತ ವಿಚಿತ್ರವಾದದ್ದು ನವೆಂಬರ್ ಮಧ್ಯದ ಒಂದು ಬುಧವಾರ, ಬೂಸ್ ಉಂಡ್ ಬೆಟ್‌ಟಾಗ್, ಪ್ರಾಟೆಸ್ಟಂಟರ ಪ್ರಾಯಶ್ಚಿತ್ತದ ದಿನ. 1990ರ ದಶಕದಲ್ಲಿ ವೃದ್ಧರ, ಅಶಕ್ತರ ಆರೈಕೆಗೆಂದು ಹೊಸ ವಿಮೆ ತಂದಾಗ ಮಾಲೀಕರ ಪಾಲಿನ ಕಂತಿಗೆ ಪರಿಹಾರವಾಗಿ ಒಂದು ರಜೆಯನ್ನೇ ಬಲಿ ಕೊಡಬೇಕೆಂದು ತೀರ್ಮಾನವಾಯಿತು. 1995ರಿಂದ ಹದಿನೈದು ರಾಜ್ಯಗಳು ಈ ಬುಧವಾರವನ್ನು ಕೈಬಿಟ್ಟವು. ಸ್ಯಾಕ್ಸನಿ ಮಾತ್ರ ಬಿಡಲಿಲ್ಲ. ಅಲ್ಲಿನ ನೌಕರರು ಇಂದಿಗೂ ಆ ಒಂದು ದಿನಕ್ಕಾಗಿ ಆರೈಕೆ ವಿಮೆಗೆ ಬೇರೆಯವರಿಗಿಂತ ಹೆಚ್ಚು ಪಾಲು ಕಟ್ಟುತ್ತಾರೆ. ಬವೇರಿಯಾದಲ್ಲಿ ಇನ್ನೊಂದು ತಮಾಷೆ: ಅವತ್ತು ಆಫೀಸುಂಟು, ಶಾಲೆಯಿಲ್ಲ. ಮ್ಯೂನಿಕ್‌ಗೆ ಹೊಸದಾಗಿ ಬಂದ ಪೋಷಕರು ಹಿಂದಿನ ಸಂಜೆ ಕಂಗಾಲಾಗುವ ದಿನ ಅದು.

ಒಂದು ಊರಿಗೆ ಮಾತ್ರ ಸೀಮಿತವಾದ ರಜೆಯೂ ಇದೆ. ಆಗಸ್ಟ್ 8ರಂದು ಔಗ್ಸ್‌ಬರ್ಗ್ ನಗರದಲ್ಲಿ ಶಾಂತಿಯ ಹಬ್ಬ. ನಗರದ ಎಲ್ಲೆ ದಾಟಿದರೆ ಮಾಮೂಲಿ ದಿನ. ನಮ್ಮ ಸರ್ಕಾರದ ರಜೆ ಪಟ್ಟಿಯಲ್ಲಿ ಕೈಲ್ ಮುಹೂರ್ತ, ಹುತ್ತರಿಗಳು ಕೊಡಗು ಜಿಲ್ಲೆಗೆ ಮಾತ್ರ ಎಂದು ಕೊನೆಯಲ್ಲಿ ಬರೆದಿರುತ್ತಾರಲ್ಲ, ಹಾಗೆ.

ಗಡಿಯ ಊರುಗಳಲ್ಲಿ ಇದು ದಿನನಿತ್ಯದ ಪ್ರಶ್ನೆ. ರೈನ್ ನದಿಯ ಈಚೆ ಮನ್‌ಹೈಮ್, ಆಚೆ ಲುಡ್‌ವಿಗ್ಸ್‌ಹಾಫನ್. ಸೇತುವೆ ದಾಟಿದರೆ ರಾಜ್ಯ ಬದಲು. ಜನವರಿ 6ರಂದು ಮನ್‌ಹೈಮ್‌ನಲ್ಲಿ ಮೂವರು ಜ್ಞಾನಿಗಳ ಹಬ್ಬದ ರಜೆ, ಲುಡ್‌ವಿಗ್ಸ್‌ಹಾಫನ್‌ನಲ್ಲಿ ಅಂಗಡಿ ಆಫೀಸು ಎಲ್ಲ ತೆರೆದಿರುತ್ತವೆ. ಹಾಗೆಯೇ ನವೆಂಬರ್ 1ರಂದು ಮೈನ್ಟ್ಸ್‌ನವರಿಗೆ ರಜೆ, ನದಿಯಾಚೆಯ ವೀಸ್‌ಬಾಡನ್‌ನವರಿಗಿಲ್ಲ. ಮೈನ್ಟ್ಸ್‌ನವರೆಲ್ಲ ಅವತ್ತು ಶಾಪಿಂಗಿಗೆ ಅಲ್ಲಿಗೆ ಹೋಗುತ್ತಾರೆ. ಇಂಥ ಕಡೆ ಮನೆ ಒಂದು ದಡದಲ್ಲಿ, ಕೆಲಸ ಇನ್ನೊಂದು ದಡದಲ್ಲಿ ಇದ್ದರೆ ಕೆಲಸದ ಊರಿನ ರಜೆಯೇ ನಿಮ್ಮ ರಜೆ. ಮನೆಯ ವಿಳಾಸ ಲೆಕ್ಕಕ್ಕಿಲ್ಲ.

ಗುರುವಾರಗಳ ಗುಟ್ಟು

ರಜೆ ಯೋಜನೆಗೆ ನಿಜವಾಗಿ ಉಪಯೋಗಕ್ಕೆ ಬರುವ ವಿಂಗಡಣೆ ಧರ್ಮದ್ದಲ್ಲ, ತಾರೀಖಿನದು. ಮೇ 1, ಅಕ್ಟೋಬರ್ 3, ಕ್ರಿಸ್‌ಮಸ್‌ಗಳಿಗೆ ತಾರೀಖು ಖಚಿತ, ವಾರ ಬದಲಾಗುತ್ತದೆ. ಆದ್ದರಿಂದ ಅವು ಶನಿವಾರ ಭಾನುವಾರದ ಬಾಯಿಗೆ ಬೀಳಬಹುದು. ಈಸ್ಟರಿಗೆ ಅಂಟಿಕೊಂಡ ಹಬ್ಬಗಳಿಗೆ ವಾರ ಖಚಿತ, ತಾರೀಖು ಬದಲಾಗುತ್ತದೆ. ಅವು ಎಂದೂ ಕೈಕೊಡುವುದಿಲ್ಲ. ಈಸ್ಟರ್ ಭಾನುವಾರದಿಂದ 39ನೇ ದಿನ ಸ್ವರ್ಗಾರೋಹಣ, ಕ್ರಿಸ್ಟಿ ಹಿಮ್ಮೆಲ್‌ಫಾರ್ಟ್, ಯಾವಾಗಲೂ ಗುರುವಾರ. 50ನೇ ದಿನ ಫಿಂಗ್‌ಸ್ಟನ್ ಸೋಮವಾರ. 60ನೇ ದಿನ ಕ್ಯಾಥೊಲಿಕರ ಫ್ರೋನ್‌ಲೈಖ್‌ನಾಮ್ ಹಬ್ಬ, ಮತ್ತೆ ಗುರುವಾರ. ಈ ಕೊನೆಯದು ಬವೇರಿಯಾ, ಬಾಡೆನ್-ವ್ಯುರ್ಟೆಂಬೆರ್ಗ್, ಹೆಸ್ಸೆ, ನಾರ್ತ್ ರೈನ್-ವೆಸ್ಟ್‌ಫಾಲಿಯಾ, ರೈನ್‌ಲಾಂಡ್-ಫಾಲ್ಟ್ಸ್, ಸಾರ್‌ಲಾಂಡ್‌ಗಳಲ್ಲಿ ಪೂರ್ತಿ ರಜೆ, ಸ್ಯಾಕ್ಸನಿ ಮತ್ತು ಥ್ಯೂರಿಂಗನ್‌ಗಳ ಕೆಲವು ಊರುಗಳಲ್ಲಷ್ಟೇ.

ಗುರುವಾರ ರಜೆಯಾದರೆ ಶುಕ್ರವಾರ ಒಂಟಿಯಾಗಿ ಉಳಿಯಿತು. ಆ ಶುಕ್ರವಾರಕ್ಕೆ ಬ್ರ್ಯೂಕನ್‌ಟಾಗ್ ಎಂದು ಹೆಸರು, ಸೇತುವೆಯ ದಿನ. ಒಂದು ದಿನದ ಉರ್ಲೌಬ್ ಕೊಟ್ಟರೆ ನಾಲ್ಕು ದಿನ ಕೈಗೆ ಬರುತ್ತದೆ. ಇದು ಸರ್ಕಾರಿ ರಜೆಯಲ್ಲ. ಅರ್ಜಿ ಹಾಕಬೇಕು, ಒಪ್ಪಿಗೆ ಬೇಕು. ಆದರೆ ಮೇ ತಿಂಗಳ ಅಂಥ ಶುಕ್ರವಾರ ಜರ್ಮನ್ ಗ್ರಾಹಕರೊಂದಿಗೆ ಮುಖ್ಯ ಮೀಟಿಂಗ್ ಇಟ್ಟುಕೊಂಡ ಬೆಂಗಳೂರಿನ ಪ್ರಾಜೆಕ್ಟ್ ಮ್ಯಾನೇಜರು ಖಾಲಿ ಸ್ಕ್ರೀನಿನ ಮುಂದೆ ಕೂರಬೇಕಾದೀತು.

2027ಕ್ಕೆ ಲೆಕ್ಕ ಹಾಕಿ ನೋಡೋಣ. ಈಸ್ಟರ್ ಮಾರ್ಚ್ 28ಕ್ಕೆ, ಸಾಕಷ್ಟು ಬೇಗ. ಮಾರ್ಚ್ 26 ಗುಡ್ ಫ್ರೈಡೇ, 29 ಸೋಮವಾರ ರಜೆ. ಹಿಂದಿನ ನಾಲ್ಕು ದಿನ, ಮುಂದಿನ ನಾಲ್ಕು ದಿನ, ಒಟ್ಟು ಎಂಟು ದಿನ ಉರ್ಲೌಬ್ ಹಾಕಿದರೆ ಮಾರ್ಚ್ 20ರಿಂದ ಏಪ್ರಿಲ್ 4ರವರೆಗೆ 16 ದಿನ. ಇನ್ನೈದು ದಿನ ಸೇರಿಸಿ 13 ಮಾಡಿಕೊಂಡರೆ ಏಪ್ರಿಲ್ 11ರವರೆಗೆ 23 ದಿನ, ಮತ್ತು ಆ ವರ್ಷ ಯುಗಾದಿ ಬರುವುದು ಏಪ್ರಿಲ್ 7ಕ್ಕೆ. ಶಾಲೆಗೆ ಹೋಗುವ ಮಕ್ಕಳಿಲ್ಲದವರು ಊರಿನಲ್ಲಿ ಬೇವು-ಬೆಲ್ಲ ತಿನ್ನಲು ಇದಕ್ಕಿಂತ ಅಗ್ಗದ ವರ್ಷ ಬೇಗ ಸಿಗಲಿಕ್ಕಿಲ್ಲ. ಸ್ವರ್ಗಾರೋಹಣದ ಗುರುವಾರ ಮೇ 6. ಆ ವಾರ ನಾಲ್ಕು ದಿನ ಕೊಟ್ಟರೆ ಒಂಬತ್ತು ದಿನ. ಫಿಂಗ್‌ಸ್ಟನ್ ಸೋಮವಾರ ಮೇ 17, ಫ್ರೋನ್‌ಲೈಖ್‌ನಾಮ್ ಮೇ 27. ದಕ್ಷಿಣದ ರಾಜ್ಯಗಳಲ್ಲಿ ಇವೆರಡರ ಸುತ್ತ ಎಂಟು ದಿನ ಹಾಕಿದರೆ ಮೇ 15ರಿಂದ 30ರವರೆಗೆ ಮತ್ತೆ 16 ದಿನ. ವರ್ಷದ ಕೊನೆಯ ಕಡೆ ಮಾತ್ರ ಏನೂ ಇಲ್ಲ. ಆ ಐದು ಕ್ಯಾಥೊಲಿಕ್ ರಾಜ್ಯಗಳಿಗೆ ನವೆಂಬರ್ 1 ಸೋಮವಾರ ಬಂದಿರುವುದೇ ದೊಡ್ಡದು.

ಬೆಂಗಳೂರು-ಜರ್ಮನಿ ಎರಡೂ ಕಡೆ ಜನವಿರುವ ತಂಡಗಳಿಗೆ ಅಕ್ಟೋಬರಿನ ಮೊದಲ ವಾರ ಸಾಮಾನ್ಯವಾಗಿ ಕುಂಟುವ ವಾರ: 2ರಂದು ಅವರಿಲ್ಲ, 3ರಂದು ಇವರಿಲ್ಲ. 2027ರಲ್ಲಿ ಅವು ಶನಿವಾರ, ಭಾನುವಾರ. ಯಾರಿಗೂ ಲಾಭವಿಲ್ಲ, ಮ್ಯಾನೇಜರಿಗೆ ಬಿಟ್ಟು.

ಉರ್ಲೌಬ್: ಖಾತೆ ನಿಮ್ಮದು, ನಿಯಮ ಕಾನೂನಿನದು

1963ರ ಉರ್ಲೌಬ್ ಕಾನೂನು ವರ್ಷಕ್ಕೆ ಕನಿಷ್ಠ 24 ದಿನ ಎನ್ನುತ್ತದೆ. ಇದನ್ನು ಓದಿ ಖುಷಿಪಡುವ ಮುಂಚೆ ಪದ ನೋಡಿ: 24 ವೆರ್ಕ್‌ಟಾಗ್. ಜರ್ಮನ್ ಕಾನೂನಿನಲ್ಲಿ ವೆರ್ಕ್‌ಟಾಗ್ ಎಂದರೆ ಭಾನುವಾರವೂ ಸರ್ಕಾರಿ ರಜೆಯೂ ಅಲ್ಲದ ಪ್ರತಿ ದಿನ. ಶನಿವಾರ ಕೂಡ ವೆರ್ಕ್‌ಟಾಗ್! ವಾರಕ್ಕೆ ಆರು ದಿನದ ಲೆಕ್ಕದಲ್ಲಿ ಬರೆದ 24, ಐದು ದಿನ ಕೆಲಸ ಮಾಡುವವರಿಗೆ 20 ಆಗುತ್ತದೆ. ಎರಡೂ ನಾಲ್ಕು ವಾರವೇ. ಕೆಲಸದ ಕರಾರಿನಲ್ಲಿ "ಆರ್ಬೈಟ್ಸ್‌ಟಾಗ್" ಎಂದಿದ್ದರೆ ಅದು ನೀವು ನಿಜವಾಗಿ ಕೆಲಸಕ್ಕೆ ಹೋಗುವ ದಿನ. ಆದ್ದರಿಂದ 28 ಆರ್ಬೈಟ್ಸ್‌ಟಾಗ್ ಕೊಡುವ ಕಂಪನಿ 30 ವೆರ್ಕ್‌ಟಾಗ್ ಕೊಡುವ ಕಂಪನಿಗಿಂತ ಧಾರಾಳಿ. ಐದು ದಿನದ ವಾರದಲ್ಲಿ ಆ 30 ಎಂದರೆ 25 ಅಷ್ಟೇ. ಎರಡು ಆಫರ್ ಕೈಯಲ್ಲಿ ಹಿಡಿದು ಹೋಲಿಸುವವರು ಮೊದಲು ನೋಡಬೇಕಾದ ಸಾಲು ಇದು. ಅಂದಹಾಗೆ ಬಸ್ಸಿನ ವೇಳಾಪಟ್ಟಿ, ಪಾರ್ಕಿಂಗ್ ಫಲಕಗಳಲ್ಲೂ ಇದೇ ಪದ. ಶನಿವಾರ ಪಾರ್ಕಿಂಗ್ ಪುಕ್ಕಟೆ ಎಂದುಕೊಂಡವರಿಗೆ ದಂಡದ ಚೀಟಿ ಸಿಗುತ್ತದೆ.

ಹೊಸ ಕೆಲಸಕ್ಕೆ ಸೇರಿದವರಿಗೆ ಪೂರ್ತಿ ವರ್ಷದ ಹಕ್ಕು ಬರುವುದು ಆರು ತಿಂಗಳ ನಂತರ; ಅಲ್ಲಿಯವರೆಗೆ ತಿಂಗಳಿಗೆ ಹನ್ನೆರಡರಲ್ಲಿ ಒಂದು ಪಾಲು ಜಮೆಯಾಗುತ್ತದೆ. ಉಳಿದ ರಜೆಗೆ, ಅಂದರೆ ರೆಸ್ಟ್‌ಉರ್ಲೌಬ್‌ಗೆ, ನಮ್ಮ ಕಡೆಯಂತೆ ದುಡ್ಡು ಮಾಡಿಕೊಳ್ಳುವ ಅವಕಾಶವಿಲ್ಲ. ಕಾನೂನಿನ ಕನಿಷ್ಠ ರಜೆಯನ್ನು ಹಣಕ್ಕೆ ಬದಲಾಯಿಸುವುದು ಕೆಲಸ ಬಿಡುವಾಗ ಮಾತ್ರ. ಕಾನೂನು ಪ್ರಕಾರ ಆ ವರ್ಷದ್ದು ಆ ವರ್ಷವೇ ಮುಗಿಸಬೇಕು, ತಕ್ಕ ಕಾರಣವಿದ್ದರೆ ಮಾರ್ಚ್ 31ರವರೆಗೆ. ಅನೇಕ ಕಂಪನಿಗಳು ಕಾರಣ ಕೇಳದೆಯೇ ಮಾರ್ಚ್‌ವರೆಗೆ ಬಿಡುತ್ತವೆ. 2018ರ ಯುರೋಪಿಯನ್ ನ್ಯಾಯಾಲಯದ ತೀರ್ಪು, ಅದನ್ನು ಅನುಸರಿಸಿ 2019ರಲ್ಲಿ ಜರ್ಮನಿಯ ಕಾರ್ಮಿಕ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದ ಮೇಲೆ, "ಇಷ್ಟು ದಿನ ಬಾಕಿ ಇದೆ, ತೆಗೆದುಕೊಳ್ಳದಿದ್ದರೆ ಹೋಗುತ್ತದೆ" ಎಂದು ಮಾಲೀಕ ಮೊದಲೇ ಎಚ್ಚರಿಸದಿದ್ದರೆ ರಜೆ ತಾನಾಗಿ ರದ್ದಾಗುವುದಿಲ್ಲ. ಶರತ್ಕಾಲದಲ್ಲಿ ಎಚ್‌ಆರ್‌ನಿಂದ ಬರುವ ಆ ಒಣ ಮೇಲ್ ಇದಕ್ಕೇ.

ಕಾಯಿಲೆಯ ಕತೆ ಬೇರೆ. ಸಿಕ್ ಲೀವ್‌ಗೆಂದು ಇಷ್ಟು ದಿನ ಎಂಬ ಕೋಟಾ ಇಲ್ಲಿಲ್ಲ, ಅದು ಉರ್ಲೌಬ್ ಖಾತೆಯನ್ನು ಮುಟ್ಟುವುದೂ ಇಲ್ಲ. ಊರಿಗೆ ಹೋದಾಗ ಡೆಂಗಿ ಬಂದು ಮಲಗಿದರೆ, ವೈದ್ಯರ ಪ್ರಮಾಣಪತ್ರವಿದ್ದಲ್ಲಿ ಆ ದಿನಗಳು ಖಾತೆಗೆ ವಾಪಸು ಬರುತ್ತವೆ. ಆದರೆ ಕೂಡಲೇ ಆಫೀಸಿಗೆ ತಿಳಿಸಬೇಕು, ಎಷ್ಟು ದಿನ ಆಗಬಹುದು, ಯಾವ ವಿಳಾಸದಲ್ಲಿದ್ದೀರಿ ಎಂಬುದನ್ನೂ ಸೇರಿಸಿ. ವಾಪಸು ಬಂದ ದಿನಗಳನ್ನು ನೀವೇ ಪ್ರವಾಸದ ಕೊನೆಗೆ ಅಂಟಿಸಿಕೊಳ್ಳುವಂತಿಲ್ಲ, ಹೊಸದಾಗಿ ಕೇಳಬೇಕು.

ಬ್ರ್ಯೂಕನ್‌ಟಾಗ್‌ಗೆ ತಂಡದಲ್ಲಿ ಎಲ್ಲರೂ ಕೈ ಚಾಚಿದಾಗ ಯಾರಿಗೆ ಮೊದಲು? ನೌಕರನ ಇಷ್ಟಕ್ಕೆ ಮಾಲೀಕ ಬೆಲೆ ಕೊಡಬೇಕು, ಆದರೆ ಸಾಮಾಜಿಕ ಕಾರಣದಿಂದ ಆದ್ಯತೆ ಇರುವ ಬೇರೆ ನೌಕರರಿದ್ದರೆ ಅವರದು ಮುಂದೆ ಎಂದು ಕಾನೂನಿನಲ್ಲೇ ಇದೆ. ಫೇರಿಯನ್ ವಾರಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿರುವವರ ಕೈ ಮೇಲಾಗುವುದು ಇದರಿಂದಲೇ. ದೀಪಾವಳಿಗೆ ಇಂಥ ರಕ್ಷಣೆ ಏನೂ ಇಲ್ಲ, ಆದರೆ ಪೈಪೋಟಿಯೂ ಇಲ್ಲ. ನವೆಂಬರಿನ ಮಂಜು ಮುಸುಕಿದ ಮಂಗಳವಾರವೊಂದನ್ನು ಬೇಡುವವರು ತಂಡದಲ್ಲಿ ನೀವೊಬ್ಬರೇ.

ಫೇರಿಯನ್: ಶಾಲೆಯ ಗಡಿಯಾರ

ಶಾಲಾ ರಜೆ ಒಟ್ಟು ವರ್ಷಕ್ಕೆ 75 ವೆರ್ಕ್‌ಟಾಗ್, ಅಂದರೆ ಶನಿವಾರ ಸೇರಿ. ರಾಜ್ಯಗಳು 1964ರಲ್ಲಿ ಹ್ಯಾಂಬರ್ಗ್‌ನಲ್ಲಿ ಮಾಡಿಕೊಂಡ ಒಪ್ಪಂದ ಇಂದಿಗೂ ಆಧಾರ. ಅದನ್ನು ಹೇಗೆ ಹಂಚುವುದೆಂಬುದು ಆಯಾ ರಾಜ್ಯಕ್ಕೆ ಬಿಟ್ಟದ್ದು, ಬೇಸಿಗೆ ರಜೆಯ ಹೊರತು. ಬೇಸಿಗೆಯ ಆರು ವಾರಗಳನ್ನು ಎಲ್ಲ ರಾಜ್ಯಗಳ ಶಿಕ್ಷಣ ಸಚಿವರು ಕೂತು ಹಂಚಿಕೊಳ್ಳುತ್ತಾರೆ. 2030ರವರೆಗಿನ ತಾರೀಖುಗಳು ಈಗಾಗಲೇ ಗೊತ್ತಾಗಿವೆ. ಇಡೀ ದೇಶ ಒಂದೇ ಶನಿವಾರ ಕಾರಿಗೆ ಸಾಮಾನು ತುಂಬಿ ಹೆದ್ದಾರಿಗೆ ಇಳಿಯಬಾರದು, ಸಮುದ್ರದಂಡೆಯ ಹೋಟೆಲುಗಳಿಗೂ ಗಿರಾಕಿ ಹಂಚಿ ಬರಬೇಕು ಎಂದು ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಸರದಿಯ ಮೇಲೆ ರಜೆ. ಈ ವರ್ಷ ಬೇಗ ಮುಚ್ಚಿದ ರಾಜ್ಯ ಮುಂದೆ ತಡವಾಗಿ ಮುಚ್ಚುತ್ತದೆ. ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬೆರ್ಗ್ ಮಾತ್ರ ಈ ಸರದಿಗೆ ಸೇರುವುದೇ ಇಲ್ಲ. ಪ್ರತಿ ವರ್ಷವೂ ಅವಕ್ಕೆ ಜುಲೈ ಕೊನೆ ಅಥವಾ ಆಗಸ್ಟ್ ಮೊದಲಿಂದ ಸೆಪ್ಟೆಂಬರ್ ಎರಡನೇ ವಾರದವರೆಗೆ. ಹಿಂದೆ ಕೊಯ್ಲಿಗೆ ಮಕ್ಕಳು ಬೇಕಿತ್ತು ಎಂಬುದು ಹಳೆಯ ಸಮರ್ಥನೆ. ಈಗಿನದು, ಫಿಂಗ್‌ಸ್ಟನ್ ಹೊತ್ತಿಗೆ ತಮ್ಮಲ್ಲಿ ಎರಡು ವಾರ ರಜೆ ಇರುವುದರಿಂದ ಬೇಸಿಗೆ ರಜೆಯನ್ನು ಅದರ ಹತ್ತಿರ ಎಳೆಯಲಾಗದು ಎಂಬುದು. ಉತ್ತರದ ಸಚಿವರು ಆಗಾಗ ಗೊಣಗುತ್ತಾರೆ, ದಕ್ಷಿಣದವರು ಕಿವಿಗೊಡುವುದಿಲ್ಲ.

ನಮ್ಮವರಿಗೆ ಇದರ ಫಲ: ಮಕ್ಕಳನ್ನು ಕರೆದುಕೊಂಡು ಆಗಸ್ಟ್‌ನಲ್ಲಿ ಊರಿಗೆ ಹೋದರೆ ಮಳೆ, ಮತ್ತು ಅಲ್ಲಿನ ಅಣ್ಣತಮ್ಮಂದಿರ ಮಕ್ಕಳಿಗೆಲ್ಲ ಶಾಲೆ. ಅವರಿಗೆ ರಜೆಯಿರುವ ಏಪ್ರಿಲ್-ಮೇನಲ್ಲಿ ಇವರಿಗೆ ಸಿಗುವುದು ಈಸ್ಟರಿನ ಎರಡು ವಾರ, ದಕ್ಷಿಣದಲ್ಲಾದರೆ ಫಿಂಗ್‌ಸ್ಟನ್‌ನ ಎರಡು ವಾರ. ಅಜ್ಜನ ಮನೆಯಲ್ಲಿ ಮಕ್ಕಳೆಲ್ಲ ಒಟ್ಟಿಗೆ ಸೇರಬೇಕೆಂದಿದ್ದರೆ ನನ್ನ ಪ್ರಕಾರ ಬೇಸಿಗೆ ರಜೆಯ ಆಸೆ ಬಿಟ್ಟು ಆ ಕಿರಿಯ ರಜೆಗಳ ಮೇಲೆ ಕಣ್ಣಿಡುವುದೇ ಸರಿ.

ಎರಡು ದಿನ ಮುಂಚೆ ಹೊರಟರೆ ಟಿಕೆಟ್ ಅಗ್ಗ ಎಂಬ ಯೋಚನೆ ಬಂದೇ ಬರುತ್ತದೆ. ಜರ್ಮನಿಯಲ್ಲಿ ಶಾಲೆಗೆ ಹೋಗುವುದು ಕಾನೂನಿನ ಕರ್ತವ್ಯ. ರಜೆಗೆ ಮುಂಚೆ ಅನುಮತಿಯಿಲ್ಲದೆ ಮಗುವನ್ನು ಕರೆದೊಯ್ದರೆ ಪೋಷಕರಿಗೆ ದಂಡ ಬೀಳಬಹುದು. 2018ರ ಫಿಂಗ್‌ಸ್ಟನ್ ರಜೆಗೆ ಮುಂಚೆ ಬವೇರಿಯಾದ ಮೆಮ್ಮಿಂಗನ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ಶಾಲಾ ವಯಸ್ಸಿನ ಮಕ್ಕಳಿದ್ದ ಕುಟುಂಬಗಳನ್ನು ನಿಲ್ಲಿಸಿ ವಿಚಾರಿಸಿದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. ಮದುವೆ, ಸಾವು, ಧಾರ್ಮಿಕ ಹಬ್ಬಗಳಂಥ ಕಾರಣಕ್ಕೆ ಮೊದಲೇ ಲಿಖಿತ ಅರ್ಜಿ ಕೊಟ್ಟು ಕೇಳಬಹುದು, ಅದಕ್ಕೆ ಬೆಉರ್ಲೌಬುಂಗ್ ಎನ್ನುತ್ತಾರೆ. ಅಗ್ಗದ ಟಿಕೆಟ್ ಕಾರಣವಾಗದು.

ಪಟ್ಟಿಯಲ್ಲಿ ಕಾಣದ ಎರಡು ಮೂರು ಸಂಗತಿಗಳಿವೆ. ಹಲವು ರಾಜ್ಯಗಳಲ್ಲಿ ಶಾಲೆಗಳೇ ಆರಿಸಿಕೊಳ್ಳುವ ಕೆಲವು ತೇಲುವ ರಜೆಗಳುಂಟು, ಬೆವೆಗ್ಲಿಖೆ ಫೇರಿಯನ್‌ಟಾಗ್. ಬ್ರ್ಯೂಕನ್‌ಟಾಗ್‌ಗೋ ಕಾರ್ನಿವಲ್ ಸೋಮವಾರಕ್ಕೋ ಹಾಕುತ್ತಾರೆ. ಅಕ್ಕನ ಶಾಲೆಗೆ ರಜೆ, ತಮ್ಮನ ಶಾಲೆಗೆ ಇಲ್ಲ ಎಂಬ ಸ್ಥಿತಿಯೂ ಬರುತ್ತದೆ. ಕಿಟಾಗಳಿಗೆ, ಅಂದರೆ ಶಿಶುವಿಹಾರಗಳಿಗೆ, ಫೇರಿಯನ್ ಅನ್ವಯಿಸುವುದಿಲ್ಲ. ಅವಕ್ಕೆ ತಮ್ಮದೇ ಮುಚ್ಚುವ ದಿನಗಳ ಪಟ್ಟಿ ಇರುತ್ತದೆ, ಅದನ್ನು ಕೇಳಿ ಪಡೆದು ಉರ್ಲೌಬ್ ಅರ್ಜಿಗೆ ಮುಂಚೆಯೇ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಬೇಕು. ವಿಶ್ವವಿದ್ಯಾಲಯದವರು ಸೆಮೆಸ್ಟರ್‌ಫೇರಿಯನ್ ಎಂದು ಮಾತಿಗೆ ಹೇಳುವುದು ಪಾಠ ನಡೆಯದ ಅವಧಿಯನ್ನು. ಪರೀಕ್ಷೆ, ಪ್ರಬಂಧ, ಲ್ಯಾಬ್ ಎಲ್ಲ ಬರುವುದು ಅದರೊಳಗೇ, ಆದ್ದರಿಂದ ಪರೀಕ್ಷೆಯ ತಾರೀಖು ಗೊತ್ತಾಗುವವರೆಗೆ ಬೆಂಗಳೂರಿಗೆ ಟಿಕೆಟ್ ಬುಕ್ ಮಾಡಬೇಡಿ.

ಡಿಸೆಂಬರ್ 24 ಮತ್ತು 31 ಸರ್ಕಾರಿ ರಜೆಯಲ್ಲ. ಕೆಲವು ಕರಾರುಗಳಲ್ಲಿ ಅರ್ಧ ದಿನ, ಕೆಲವರಲ್ಲಿ ಪೂರ್ತಿ ಬಿಡುವು, ಕೆಲವರಲ್ಲಿ ಉರ್ಲೌಬ್ ಹಾಕಲೇಬೇಕು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಇಡೀ ಕಂಪನಿ ಮುಚ್ಚುವುದೂ ಉಂಟು, ಅದು ಬೆಟ್ರೀಬ್ಸ್‌ಫೇರಿಯನ್. ಹೆಸರಿನಲ್ಲಿ ಫೇರಿಯನ್ ಇದ್ದರೂ ದಿನಗಳು ಹೆಚ್ಚಾಗಿ ನಿಮ್ಮ ಉರ್ಲೌಬ್ ಖಾತೆಯಿಂದಲೇ ಹೋಗುತ್ತವೆ. ಕೆಲಸಕ್ಕೆ ಸೇರುವಾಗಲೇ ಇದನ್ನು ಕೇಳಿಕೊಳ್ಳುವುದು ಒಳ್ಳೆಯದು.

ಕೊನೆಗೆ ಕನ್ನಡ ಕೂಟಗಳ ಕಾರ್ಯದರ್ಶಿಗಳಿಗೊಂದು ಮಾತು. 2027ರಲ್ಲಿ ರಾಜ್ಯೋತ್ಸವ ಸೋಮವಾರ, ಬವೇರಿಯಾದಲ್ಲಿ ಸರ್ಕಾರಿ ರಜೆಯೂ ಹೌದು. ಅವತ್ತೇ ಹಾಲ್ ಹಿಡಿದುಬಿಡೋಣ ಅನ್ನಿಸುತ್ತದೆ. ಆದರೆ ಆಲ್ಲರ್‌ಹೈಲಿಗನ್ ಅಲ್ಲಿ ಸತ್ತವರನ್ನು ನೆನೆಯುವ ಮೌನದ ದಿನ. ಬೆಳಗಿನ ಜಾವ ಎರಡರಿಂದ ನಡುರಾತ್ರಿಯವರೆಗೆ ಗಂಭೀರವಲ್ಲದ ಸಾರ್ವಜನಿಕ ಮನರಂಜನೆಗೆ ಕಾನೂನಿನ ತಡೆ ಇದೆ. ಟಿಕೆಟ್ ಇಟ್ಟು ಡೊಳ್ಳು ಬಾರಿಸುವ ಕಾರ್ಯಕ್ರಮಕ್ಕೆ ಅಕ್ಟೋಬರ್ 30ರ ಶನಿವಾರವನ್ನೇ ಆರಿಸಿಕೊಳ್ಳಿ. ಬರ್ಲಿನ್‌ನವರಿಗೆ ಆ ಸೋಮವಾರ ಅಂಥ ತಡೆಯಿಲ್ಲ, ಆದರೆ ಆಫೀಸಿದೆ.